ಎರಡೂವರೆ ವರ್ಷ ಬಳಸಿದ ಗ್ಯಾರಂಟಿ ಕಾರ್ಡು: ಒಂದು ವಿಮರ್ಶೆ

ನಮ್ಮ ಮನೆಯ ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿದೆ. ಮಿಕ್ಸಿಯದು, ಫ್ರಿಜ್ಜಿನದು, ನೀರೆತ್ತುವ ಮೋಟಾರಿನದು ಎಂದು ಅವಧಿ ಮುಗಿದ ಹಾಗೂ ಇನ್ನೂ ಮುಗಿಯದ ಗ್ಯಾರಂಟಿ ಕಾರ್ಡುಗಳೆಲ್ಲ ಅದರಲ್ಲಿ ಒಟ್ಟಿಗೆ ಸೇರಿವೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಕಾರ್ಯಕರ್ತರು ಮನೆಮನೆಗೆ ಹಂಚಿದ, ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಇಬ್ಬರ ಸಹಿಯಿದ್ದ ಕಾರ್ಡನ್ನೂ ನನ್ನ ಪತ್ನಿ ಅದೇ ಚೀಲಕ್ಕೆ ಹಾಕಿಟ್ಟಿದ್ದಳು. ಆಗ ನಾನು ನಕ್ಕಿದ್ದೆ. ಈಗ ನೋಡಿದರೆ ಅದಕ್ಕೆ ತಕ್ಕ ಜಾಗ ಅದೇ ಎನ್ನಿಸುತ್ತದೆ. ಆದ್ದರಿಂದ ಈ ಸರಕನ್ನು ಎರಡೂವರೆ ವರ್ಷ ಬಳಸಿದ ಒಬ್ಬ ಗ್ರಾಹಕನಾಗಿ, ಪೆಟ್ಟಿಗೆಯ ಮೇಲೆ ಬರೆದದ್ದಕ್ಕೂ ಒಳಗೆ ಸಿಕ್ಕಿದ್ದಕ್ಕೂ ಎಷ್ಟು ಹೊಂದಿಕೆಯಿದೆ ಎಂಬುದನ್ನು ಬರೆಯುತ್ತಿದ್ದೇನೆ.

ವಿಮರ್ಶೆಯ ವಸ್ತು 2023ರ ಮೇ 2ರಂದು ಬಿಡುಗಡೆಯಾದ, ‘ಸರ್ವ ಜನಾಂಗದ ಶಾಂತಿಯ ತೋಟ’ ಎಂಬ ಹೆಸರಿನ ಕಾಂಗ್ರೆಸ್ ಪ್ರಣಾಳಿಕೆ, ಅದರಲ್ಲೂ ಮುಖ್ಯವಾಗಿ ಶಕ್ತಿ, ಗೃಹಜ್ಯೋತಿ, ಗೃಹಲಕ್ಷ್ಮಿ, ಅನ್ನಭಾಗ್ಯ ಮತ್ತು ಯುವನಿಧಿ ಎಂಬ ಐದು ಗ್ಯಾರಂಟಿಗಳು. ಪಕ್ಷಕ್ಕೆ 135 ಸ್ಥಾನಗಳು ಬಂದವು. ಮೇ 20ರಂದು ಪ್ರಮಾಣವಚನವಾದ ದಿನವೇ ನಡೆದ ಮೊದಲ ಸಂಪುಟ ಸಭೆ ಐದಕ್ಕೂ ತಾತ್ವಿಕ ಒಪ್ಪಿಗೆ ನೀಡಿತು. ಬೊಕ್ಕಸ ಬರಿದಾಗುತ್ತದೆ ಎಂದು ಅಂದು ಹೇಳಿದವರು ಇಂದೂ ಅದನ್ನೇ ಹೇಳುತ್ತಿದ್ದಾರೆ, ನುಡಿದಂತೆ ನಡೆದಿದ್ದೇವೆ ಎಂದವರೂ ಹಾಗೆಯೇ. ಲೆಕ್ಕಪತ್ರ ಬರೆದೇ ಆಯುಷ್ಯ ಕಳೆದ ನನಗೆ ಈ ಎರಡು ಮಾತುಗಳಿಂದಲೂ ಉಪಯೋಗವಿಲ್ಲ. ಒಂದು ಭರವಸೆ ಕಾರ್ಯಸಾಧ್ಯವೇ ಎಂದು ನೋಡುವಾಗ ನಾನು ಕೇಳುವ ಪ್ರಶ್ನೆಗಳು ಎರಡೇ: ನಲ್ಲಿ ಯಾರ ಕೈಯಲ್ಲಿದೆ, ನೀರಿನ ಬಿಲ್ಲು ಯಾರ ಹೆಸರಿಗೆ ಬರುತ್ತದೆ.

ಐದರಲ್ಲಿ ಕೊನೆಗೆ ಹುಟ್ಟಿದ್ದು ಶಕ್ತಿ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣವನ್ನು 2023ರ ಏಪ್ರಿಲ್ 27ರಂದು ಮಂಗಳೂರಿನ ಸಭೆಯಲ್ಲಿ ರಾಹುಲ್ ಗಾಂಧಿ ಘೋಷಿಸಿದಾಗ ಮತದಾನಕ್ಕೆ ಎರಡು ವಾರವೂ ಉಳಿದಿರಲಿಲ್ಲ. ಹೀಗೆ ಕಡೆಯದಾಗಿ ಹುಟ್ಟಿದ ಕೂಸೇ ಎಲ್ಲಕ್ಕಿಂತ ಮೊದಲು ಎದ್ದು ಓಡಾಡಿತು. ಜೂನ್ 11ರಂದು, ಅಂದರೆ ಘೋಷಣೆಯಾದ 45ನೆಯ ದಿನ, ಯೋಜನೆ ಜಾರಿಗೆ ಬಂದಿತ್ತು. ಇದರಲ್ಲಿ ಪವಾಡವೇನೂ ಇಲ್ಲ. ಬಸ್ಸು ಸರ್ಕಾರಿ ನಿಗಮದ್ದು, ಕಂಡಕ್ಟರ್ ನಿಗಮದ ನೌಕರ, ಟಿಕೆಟ್ ಯಂತ್ರ ಅವನ ಕೈಯಲ್ಲೇ ಇದೆ. ಆಧಾರ್ ತೋರಿಸಿದವರಿಗೆ ಶೂನ್ಯ ದರದ ಟಿಕೆಟ್ ಹರಿದುಕೊಡು ಎಂದು ಆದೇಶ ಹೊರಡಿಸಿದರೆ ಸಾಕಾಗಿತ್ತು. ಐರಾವತ, ರಾಜಹಂಸದಂಥ ಐಷಾರಾಮಿ ಬಸ್ಸುಗಳನ್ನೂ ಅಂತರರಾಜ್ಯ ಪ್ರಯಾಣವನ್ನೂ ಹೊರಗಿಟ್ಟರು, ಅದು ನ್ಯಾಯವಾದದ್ದೇ. 2025ರ ಜುಲೈನಲ್ಲಿ ಶೂನ್ಯ ಟಿಕೆಟ್‌ಗಳ ಸಂಖ್ಯೆ 500 ಕೋಟಿ ದಾಟಿತು. ನಲ್ಲಿ ತನ್ನ ಕೈಯಲ್ಲೇ ಇರುವಾಗ ಸರ್ಕಾರ ಎಷ್ಟು ಬೇಗ ಕೆಲಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ಬಿಲ್ಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗೃಹಜ್ಯೋತಿಯ ನಲ್ಲಿಯೂ ರಾಜ್ಯದ ಕೈಯಲ್ಲೇ ಇತ್ತು, ಮನೆಗಳಿಗೆ ವಿದ್ಯುತ್ ಪೂರೈಸುವ ಎಸ್ಕಾಂಗಳೆಲ್ಲ ಸರ್ಕಾರದವೇ. ಆದರೆ ಪೆಟ್ಟಿಗೆಯ ಮೇಲಿನ ಬರಹಕ್ಕೂ ಒಳಗಿನ ಸರಕಿಗೂ ಅತಿ ಹೆಚ್ಚು ಅಂತರ ಕಂಡದ್ದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಘೋಷಣೆಯಲ್ಲಿ ಇದ್ದದ್ದು ‘ಪ್ರತಿ ಮನೆಗೆ 200 ಯೂನಿಟ್ ಉಚಿತ’ ಎಂಬ ಸರಳ ಮಾತು. ಆದೇಶ ಬಂದಾಗ ಅದರಲ್ಲಿ ಒಂದು ಸೂತ್ರ ಸೇರಿತ್ತು. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವುದು ನಿಮ್ಮ ಉಚಿತ ಮಿತಿ. ಮಿತಿ ಮೀರಿದರೆ ಹೆಚ್ಚುವರಿ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. ಬಳಕೆ 200 ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು.

ನಮ್ಮ ಮನೆಯ ಸರಾಸರಿ 74 ಯೂನಿಟ್. ಶೇ 10 ಸೇರಿಸಿ 81 ಎಂದು ಮಿತಿ ಗೊತ್ತಾಯಿತು. ಬಹುತೇಕ ತಿಂಗಳು ಶೂನ್ಯ ಬಿಲ್ಲೇ ಬರುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಬೇಸಿಗೆಯಲ್ಲಿ ಮಗಳು ಮೊಮ್ಮಗನೊಂದಿಗೆ ಬಂದು ತಿಂಗಳು ನಿಂತಾಗ ಬಳಕೆ 97ಕ್ಕೆ ಏರಿತು, 16 ಯೂನಿಟ್ಟಿನ ಹಣ ಕಟ್ಟಿದೆವು. ನಮಗೆ ಅದೇನೂ ಹೊರೆಯಲ್ಲ. ಸೂತ್ರದ ತರ್ಕವನ್ನು ಮಾತ್ರ ಗಮನಿಸಬೇಕು. ಹಿಂದೆ 180 ಯೂನಿಟ್ ಉರಿಸುತ್ತಿದ್ದ ಅನುಕೂಲಸ್ಥರ ಮನೆಗೆ 198 ಯೂನಿಟ್ ಉಚಿತ, ದೀಪ, ಫ್ಯಾನು, ಟಿವಿ ಬಿಟ್ಟರೆ ಬೇರೇನೂ ಇಲ್ಲದೆ 40 ಯೂನಿಟ್‌ನಲ್ಲಿ ಬದುಕುತ್ತಿದ್ದ ಮನೆಗೆ 44. ಮಿತವ್ಯಯ ಮಾಡಿದವನಿಗೆ ಕಡಿಮೆ, ಧಾರಾಳಿಗೆ ಹೆಚ್ಚು. ಸರ್ಕಾರಕ್ಕೂ ಇದು ಅರಿವಾಗಿರಬೇಕು, 2024ರ ಜನವರಿಯಲ್ಲಿ ಕಡಿಮೆ ಬಳಕೆಯ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುವಂತೆ ನಿಯಮ ತಿದ್ದಿದರು. ಇಷ್ಟಾದರೂ ಸೂತ್ರವನ್ನು ತಪ್ಪೆನ್ನಲಾರೆ. ಎಲ್ಲರಿಗೂ ಕಣ್ಣು ಮುಚ್ಚಿ 200 ಯೂನಿಟ್ ಎಂದಿದ್ದರೆ ಮನೆಮನೆಯಲ್ಲೂ ವಿದ್ಯುತ್ ಒಲೆ ಬಂದು ಕೂರುತ್ತಿತ್ತು. ನನ್ನ ಆಕ್ಷೇಪ ಒಂದೇ. ಮತ ಕೇಳುವಾಗಲೇ ಈ ಒಂದು ಸಾಲನ್ನು ಬರೆಯಲು ಯಾವ ಅಡ್ಡಿಯಿತ್ತು? ಮಿಕ್ಸಿಯ ಕಾರ್ಡಿನಲ್ಲಿಯಾದರೂ ಷರತ್ತುಗಳನ್ನು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಇಲ್ಲಿ ಅದೂ ಇರಲಿಲ್ಲ.

ಅಕ್ಕಿಯ ಕಥೆ ಬೇರೆ. ಅನ್ನಭಾಗ್ಯ ಹೊಸ ಸರಕಲ್ಲ, 2013ರ ಜುಲೈನಲ್ಲಿ ಸಿದ್ದರಾಮಯ್ಯನವರ ಮೊದಲ ಸರ್ಕಾರದಲ್ಲೇ ಶುರುವಾದದ್ದು. ಈ ಬಾರಿಯ ಭರವಸೆ ಬಿಪಿಎಲ್ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 10 ಕೆಜಿ. ಅದರಲ್ಲಿ 5 ಕೆಜಿ ಆಹಾರ ಭದ್ರತಾ ಕಾಯ್ದೆಯಡಿ ಕೇಂದ್ರದಿಂದ ಬರುತ್ತಿತ್ತು. ಉಳಿದ 5 ಕೆಜಿಗೆ ತಿಂಗಳಿಗೆ ಸುಮಾರು 2.28 ಲಕ್ಷ ಟನ್ ಅಕ್ಕಿ ಬೇಕಾಗಿತ್ತು, ಅದನ್ನು ಭಾರತೀಯ ಆಹಾರ ನಿಗಮದಿಂದ ಕೊಳ್ಳಬಹುದೆಂಬುದು ರಾಜ್ಯದ ಎಣಿಕೆ. 2023ರ ಜೂನ್ 13ರಂದು ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯ ಸರ್ಕಾರಗಳಿಗೆ ಅಕ್ಕಿ, ಗೋಧಿ ಮಾರುವುದನ್ನೇ ನಿಲ್ಲಿಸಿತು. ಇದು ರಾಜಕೀಯ ದ್ವೇಷ ಎಂದು ರಾಜ್ಯ ಹೇಳಿತು, ಬೆಲೆ ಏರಿಕೆ ತಡೆಯಲು ಎಂದು ಕೇಂದ್ರ ಹೇಳಿತು. ಛತ್ತೀಸ್‌ಗಢ, ತೆಲಂಗಾಣ, ಪಂಜಾಬ್ ಎಂದು ರಾಜ್ಯ ಹಲವು ಕಡೆ ವಿಚಾರಿಸಿತು, ಅಷ್ಟು ಪ್ರಮಾಣ ಆ ಬೆಲೆಗೆ ಎಲ್ಲೂ ಹೊಂದಲಿಲ್ಲ. ಕಡೆಗೆ ಕೆಜಿಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಖಾತೆಗೆ ಹಾಕುವ ವ್ಯವಸ್ಥೆ ಜುಲೈನಲ್ಲಿ ಬಂದಿತು. ಆ ದುಡ್ಡಿಗೆ ಅಂಗಡಿಯಲ್ಲಿ 5 ಕೆಜಿ ಅಕ್ಕಿ ಸಿಗುತ್ತಿರಲಿಲ್ಲ ಎಂಬುದು ಚೀಲ ಹಿಡಿದು ಹೋದವರಿಗೆಲ್ಲ ಗೊತ್ತು.

ಕೇಂದ್ರದ ನಡೆ ಸರಿಯೇ ತಪ್ಪೇ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೂ, ಬೇರೆಯವರ ಉಗ್ರಾಣದ ಸರಕನ್ನು ತನ್ನ ಅಂಗಡಿಯ ಬೋರ್ಡಿನಲ್ಲಿ ಬರೆದವನು, ಅದರಲ್ಲೂ ಆ ಉಗ್ರಾಣದ ಯಜಮಾನ ತನ್ನ ಎದುರಾಳಿಯೇ ಆಗಿರುವಾಗ, ಒಪ್ಪಂದದ ಕಾಗದವೊಂದನ್ನು ಮೊದಲೇ ಮಾಡಿಕೊಂಡಿರಬೇಕಿತ್ತು. 2024ರಲ್ಲಿ ರಾಜ್ಯಗಳಿಗೆ ಮಾರಾಟ ಮತ್ತೆ ತೆರೆದುಕೊಂಡು, 2025ರ ಆರಂಭದಲ್ಲಿ ನಿಗಮದ ದರ ಕೆಜಿಗೆ 22.50 ರೂಪಾಯಿಗೆ ಇಳಿದ ಮೇಲೆ ಫೆಬ್ರುವರಿಯಿಂದ ಹಣದ ಬದಲು ಅಕ್ಕಿಯೇ ಎಂಬ ತೀರ್ಮಾನವಾಯಿತು. ಅಂದರೆ ಭರವಸೆ ಕೊಟ್ಟ ರೂಪದಲ್ಲಿ ಕೈಸೇರಲು ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ ಮುಂತಾದವುಗಳಿರುವ ಆಹಾರ ಕಿಟ್ ಕೊಡುವುದೆಂದು ಸಂಪುಟ ನಿರ್ಧರಿಸಿತು. ಮನೆಯಲ್ಲಿ ಅಕ್ಕಿ ಮಿಕ್ಕು ಮಾರಾಟವಾಗುವುದಕ್ಕಿಂತ ಬೇಳೆ ಬೇಯುವುದು ಮೇಲು, ಆದ್ದರಿಂದ ಈ ಬದಲಾವಣೆ ನನಗೆ ಒಪ್ಪಿಗೆಯೇ.

ಇನ್ನು ಗೃಹಲಕ್ಷ್ಮಿ. ಕುಟುಂಬದ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂಬುದನ್ನು 2023ರ ಜನವರಿ 16ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಪ್ರಿಯಾಂಕಾ ಗಾಂಧಿ ಘೋಷಿಸಿದರು. ಅದು ಚಾಲನೆಗೊಂಡದ್ದು ಆಗಸ್ಟ್ 30ರಂದು, ಮೈಸೂರಿನಲ್ಲಿ. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವ ಕುಟುಂಬಗಳಿಗಿಲ್ಲ ಎಂಬ ಷರತ್ತು ನಡುವೆ ಸೇರಿತ್ತು. ನಮ್ಮ ಮನೆ ಅದರಿಂದಲೇ ಹೊರಗುಳಿಯಿತು, ಅದಕ್ಕೆ ದೂರಿಲ್ಲ. ಅತ್ತೆ ಯಜಮಾನಿಯೋ ಸೊಸೆ ಯಜಮಾನಿಯೋ ಎಂಬ ಜಗಳ ಕೆಲವು ತಿಂಗಳು ಎಲ್ಲರ ಬಾಯಲ್ಲೂ ಇತ್ತು.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಲೆಕ್ಕ. ವರ್ಷಕ್ಕೆ ಒಬ್ಬರಿಗೆ 24,000 ರೂಪಾಯಿ. ರಾಜ್ಯದಲ್ಲಿ ಸುಮಾರು 1.2 ಕೋಟಿ ಕುಟುಂಬಗಳಿಗೆ ಕೊಟ್ಟರೆ 28,800 ಕೋಟಿ. ಇದನ್ನು ನಾನು 2023ರ ಜನವರಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದೆ, ಕ್ಯಾಲ್ಕುಲೇಟರ್ ಕೂಡ ಬೇಕಾಗಿರಲಿಲ್ಲ. 2025-26ರ ಬಜೆಟ್‌ನಲ್ಲಿ ಈ ಬಾಬ್ತಿಗೆ ಇಟ್ಟಿರುವುದು 28,608 ಕೋಟಿ. ಇಷ್ಟು ನಿಖರವಾಗಿ ಮುಂಗಾಣಬಹುದಾದ ಮೊತ್ತವನ್ನು ಕಾರ್ಡಿನಲ್ಲಿ ಎಲ್ಲೂ ಮುದ್ರಿಸದೆ ಬಿಟ್ಟದ್ದು ಮರೆವಿನಿಂದ ಎಂದು ನಂಬುವುದು ಕಷ್ಟ. ಪ್ರತಿ ತಿಂಗಳೂ 2,400 ಕೋಟಿ ಹೊಂದಿಸಬೇಕಾದ ಯೋಜನೆಯಲ್ಲಿ ಮೊದಲು ಏರುಪೇರಾಗುವುದು ದಿನಾಂಕ. ಪಕ್ಕದ ಮನೆಯ ಅಜ್ಜಿ ಈ ಹಣವನ್ನು ನಂಬಿ ಚೀಟಿ ಹಾಕಿಕೊಂಡಿದ್ದರು. ಮೊಬೈಲಿಗೆ ಸಂದೇಶ ಬರದ ತಿಂಗಳುಗಳಲ್ಲಿ ಚೀಟಿಯ ಕಂತಿಗೆ ಮಗನ ಮುಂದೆ ಕೈಯೊಡ್ಡುವುದು ಅವರಿಗೆ ಮೊದಲಿಗಿಂತ ಹೆಚ್ಚು ಕಷ್ಟವಾಯಿತು, ಏಕೆಂದರೆ ನಡುವೆ ಕೆಲವು ತಿಂಗಳು ಒಡ್ಡದೆ ಇದ್ದು ಅಭ್ಯಾಸವಾಗಿತ್ತು. 2025ರ ಫೆಬ್ರುವರಿ ಮತ್ತು ಮಾರ್ಚ್ ಕಂತುಗಳು ಸಂದಾಯವಾಗಿಲ್ಲವೆಂಬುದು ಆ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲೇ ಗದ್ದಲಕ್ಕೆ ಕಾರಣವಾಯಿತು.

ಯುವನಿಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500, ಎರಡು ವರ್ಷದವರೆಗೆ ಎಂದು ಕೇಳಿದಾಗ ರಾಜ್ಯದ ನಿರುದ್ಯೋಗಿ ಪದವೀಧರರೆಲ್ಲ ತಮ್ಮನ್ನೇ ಕುರಿತು ಹೇಳಿದ್ದೆಂದುಕೊಂಡರು. ನಿಯಮ ಬಂದಾಗ ಅದು 2022-23ರ ಸಾಲಿನಲ್ಲಿ ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಂದ ಶುರುವಾಯಿತು. ಅದಕ್ಕೂ ಹಿಂದೆ ಓದು ಮುಗಿಸಿ ಕುಳಿತವರು ಲೆಕ್ಕದಲ್ಲೇ ಇರಲಿಲ್ಲ. 2025-26ರಲ್ಲಿ ಇದಕ್ಕೆ ಇಟ್ಟ ಹಣ 600 ಕೋಟಿ. ಕಾರ್ಯಸಾಧ್ಯವಾಯಿತೇ ಎಂದರೆ ಆಯಿತು, ಸರಕನ್ನು ಚಿಕ್ಕದು ಮಾಡಿದ್ದರಿಂದ.

ಈಗ ನೀರಿನ ಬಿಲ್ಲಿಗೆ ಬರೋಣ. ಐದಕ್ಕೂ ಸೇರಿ 2025-26ರ ಬಜೆಟ್‌ನಲ್ಲಿ 51,034 ಕೋಟಿ ಇದೆ, ಒಟ್ಟು ಗಾತ್ರ 4.09 ಲಕ್ಷ ಕೋಟಿ, ಅಂದರೆ ಹತ್ತಿರಹತ್ತಿರ ಎಂಟರಲ್ಲಿ ಒಂದು ಪಾಲು. 2023ರ ಫೆಬ್ರುವರಿಯಲ್ಲಿ ಬೊಮ್ಮಾಯಿಯವರ ಬಜೆಟ್ 402 ಕೋಟಿ ರಾಜಸ್ವ ಉಳಿಕೆ ತೋರಿಸಿತ್ತು. ಜುಲೈನಲ್ಲಿ ಸಿದ್ದರಾಮಯ್ಯನವರ ಬಜೆಟ್ 12,523 ಕೋಟಿ ಕೊರತೆ ತೋರಿಸಿತು, ಮರುವರ್ಷ ಅದು 27,354 ಕೋಟಿ, 2025-26ರಲ್ಲಿ 19,262 ಕೋಟಿ. ರಾಜಸ್ವ ಕೊರತೆ ಎಂದರೆ ಮನೆಯ ದಿನಸಿಗೂ ಸಾಲ ಮಾಡುವ ಸ್ಥಿತಿ. ಹಾಗೆಂದು ಬೊಕ್ಕಸ ಮುಳುಗಿಲ್ಲ. ರಾಜ್ಯದ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ಒಟ್ಟು ಹೊಣೆಗಾರಿಕೆ ಆಂತರಿಕ ಉತ್ಪನ್ನದ ಶೇ 25ರೊಳಗೆ ಇರಬೇಕು, 2025-26ರ ಬಜೆಟ್ ಅಂದಾಜಿನಲ್ಲಿ ಅದು ಶೇ 24.91 ಇತ್ತು. ವಿತ್ತೀಯ ಕೊರತೆ ಶೇ 3ರೊಳಗೆ ಇರಬೇಕು, ಇದ್ದದ್ದು ಶೇ 2.95. ನಿಯಮ ಮುರಿದಿಲ್ಲ, ನಿಜ. ಆದರೆ ತುಂಬಿದ ಕೊಡ ಹೊತ್ತವರು ನಡೆಯುವ ಹಾಗೆ ನಡೆಯಬೇಕಾಗಿದೆ. ಇದಕ್ಕೆ ಗ್ಯಾರಂಟಿಗಳೊಂದೇ ಕಾರಣವಲ್ಲ, ಏಳನೇ ವೇತನ ಆಯೋಗದ ಜಾರಿಯಿಂದ ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಬಿದ್ದಿದೆ ಎಂಬುದನ್ನು ಟೀಕಾಕಾರರು ಸಾಮಾನ್ಯವಾಗಿ ಹೇಳುವುದಿಲ್ಲ. ಬಹುಶಃ ಟೀಕಾಕಾರರ ಮನೆಗಳಲ್ಲೂ ಸರ್ಕಾರಿ ನೌಕರರು ಇರಬಹುದು.

ಹಣ ಎಲ್ಲಿಂದ ಬಂತೆಂಬುದು ಬೇರೆ ಬೇರೆ ರಸೀದಿಗಳಲ್ಲಿ ಚೆದುರಿಹೋಗಿದೆ. ಮೊದಲ ಬಜೆಟ್‌ನಲ್ಲೇ ಮದ್ಯದ ಮೇಲಿನ ಅಬಕಾರಿ ಸುಂಕ ಶೇ 20ರಷ್ಟು ಏರಿತು. 2023ರ ಅಕ್ಟೋಬರ್‌ನಲ್ಲಿ ಆಸ್ತಿಗಳ ಮಾರ್ಗಸೂಚಿ ದರ ಏರಿತು. 2024ರ ಜೂನ್‌ನಲ್ಲಿ ಪೆಟ್ರೋಲ್, ಡೀಸೆಲ್ ಎರಡೂ ಲೀಟರಿಗೆ ಸುಮಾರು 3 ರೂಪಾಯಿ ಏರಿದವು. 2025ರ ಜನವರಿ 5ರಿಂದ ಬಸ್ ದರ ಶೇ 15ರಷ್ಟು ಏರಿತು. ತುಮಕೂರಿನಿಂದ ಬೆಂಗಳೂರಿಗೆ ನಾನೂ ನನ್ನ ಪತ್ನಿಯೂ ಒಂದೇ ಸೀಟಿನಲ್ಲಿ ಕುಳಿತು ಹೋಗುವಾಗ ಅವಳ ಕೈಯಲ್ಲಿ ಶೂನ್ಯದ ಚೀಟಿ, ನನ್ನ ಕೈಯಲ್ಲಿ ಶೇ 15 ಹೆಚ್ಚಿದ ಚೀಟಿ. ಎರಡನ್ನೂ ಕೂಡಿಸಿದರೆ ಈಗಲೂ ನಮಗೆ ಲಾಭವೇ. ಹೆಂಡತಿಯಿಲ್ಲದ ಗಂಡಸಿಗೆ ಲಾಭವಿಲ್ಲ, ಅಷ್ಟೆ.

ಹಾಸ್ಯ ಮಾಡಲಾಗದ ರಸೀದಿಗಳೂ ಇವೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಗೆಂದೇ ಕಾಯ್ದೆ ಮಾಡಿ ಎತ್ತಿಟ್ಟ ಹಣದಿಂದ ಗ್ಯಾರಂಟಿಗಳಿಗೆ 2023-24ರಲ್ಲಿ 11,144 ಕೋಟಿ, 2024-25ರಲ್ಲಿ 14,282 ಕೋಟಿ ಹಂಚಿಕೆಯಾಯಿತು. ಫಲಾನುಭವಿಗಳಲ್ಲಿ ಆ ಸಮುದಾಯಗಳವರೂ ಇದ್ದಾರಲ್ಲ ಎಂಬುದು ಸರ್ಕಾರದ ವಾದ. ಎಲ್ಲರಿಗೂ ಸಿಗುವ ಸೌಲಭ್ಯದ ಖರ್ಚನ್ನು ಕೆಲವರಿಗೆಂದೇ ಮೀಸಲಿಟ್ಟ ಲೆಕ್ಕದಲ್ಲಿ ಬರೆಯುವುದು ಖಾಸಗಿ ಕಂಪನಿಯಲ್ಲಾದರೆ ಲೆಕ್ಕಪರಿಶೋಧಕರ ಕೆಂಪು ಗೆರೆಗೆ ಗುರಿಯಾಗುತ್ತಿತ್ತು. ಮಹಾಲೇಖಪಾಲರ ವರದಿ 2023-24ರಲ್ಲಿ ಬಂಡವಾಳ ವೆಚ್ಚ 5,229 ಕೋಟಿಯಷ್ಟು ತಗ್ಗಿದ್ದನ್ನು ಎತ್ತಿ ತೋರಿಸಿತು. ಕಟ್ಟದೆ ಉಳಿದ ಸೇತುವೆಗೆ ಶೂನ್ಯ ಟಿಕೆಟ್ ಬರುವುದಿಲ್ಲವಾದ್ದರಿಂದ ಈ ಬಿಲ್ಲು ಯಾರ ಮನೆಗೂ ನೇರವಾಗಿ ತಲುಪುವುದಿಲ್ಲ.

ಪಕ್ಕದ ಅಂಗಡಿಯ ಸರಕನ್ನೂ ಒಮ್ಮೆ ತೂಗಿ ನೋಡದಿದ್ದರೆ ವಿಮರ್ಶೆ ನ್ಯಾಯವಾಗದು. ಕಾಂಗ್ರೆಸ್‌ಗಿಂತ ಒಂದು ದಿನ ಮೊದಲು ಬಿಜೆಪಿ ಬಿಡುಗಡೆ ಮಾಡಿದ ‘ಪ್ರಜಾ ಪ್ರಣಾಳಿಕೆ’ಯಲ್ಲಿ ಬಿಪಿಎಲ್ ಕುಟುಂಬಗಳಿಗೆ ದಿನವೂ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ, ಗಣೇಶನ ಹಬ್ಬ, ದೀಪಾವಳಿಗೆ ಒಂದೊಂದು ಉಚಿತ ಸಿಲಿಂಡರ್ ಎಂದಿತ್ತು. ಹಾಲಿನ ಲೆಕ್ಕವನ್ನೇ ಮಾಡೋಣ. ರಾಜ್ಯದಲ್ಲಿ ಬಿಪಿಎಲ್ ಕುಟುಂಬಗಳು ಒಂದು ಕೋಟಿಗೂ ಹೆಚ್ಚು, ಅಂದರೆ ದಿನಕ್ಕೆ 50 ಲಕ್ಷ ಲೀಟರಿಗೂ ಮೀರಿ ಉಚಿತ ಹಾಲು ಬೇಕು. ಕೆಎಂಎಫ್ ದಿನಕ್ಕೆ ಒಂದು ಕೋಟಿ ಲೀಟರ್ ಸಂಗ್ರಹಿಸಿದ್ದು 2024ರ ಜೂನ್‌ನಲ್ಲಿ, ಅದೂ ದಾಖಲೆ ಎಂದು ಸುದ್ದಿಯಾಯಿತು. ದಾಖಲೆಯ ದಿನದಲ್ಲಿಯೇ ಅರ್ಧಕ್ಕೂ ಹೆಚ್ಚು ಹಾಲನ್ನು ಉಚಿತವಾಗಿ ಹಂಚಬೇಕಾದರೆ ಬೇಸಿಗೆಯಲ್ಲಿ ಏನು ಗತಿ, ಹಸು ಕಟ್ಟಿದ ರೈತನಿಗೆ ಹಣ ಯಾರು ಕೊಡುತ್ತಾರೆ ಎಂಬುದನ್ನು ಅಲ್ಲಿಯೂ ಬರೆದಿರಲಿಲ್ಲ. ಕಾಂಗ್ರೆಸ್ ಭರವಸೆಗಳನ್ನು ‘ರೇವ್ಡಿ’, ಅಂದರೆ ಪುಕ್ಕಟೆ ಹಂಚುವ ಮಿಠಾಯಿ, ಎಂದು ಬಿಜೆಪಿ ಟೀಕಿಸಿತು. ಆದರೆ ಮಧ್ಯಪ್ರದೇಶದಲ್ಲಿ ಅದರದೇ ಸರ್ಕಾರ, ಮಹಾರಾಷ್ಟ್ರದಲ್ಲಿ ಅದರ ಮೈತ್ರಿಕೂಟದ ಸರ್ಕಾರ ಮಹಿಳೆಯರ ಖಾತೆಗೆ ತಿಂಗಳ ಹಣ ಹಾಕಿದವು. ಅತ್ತ 2024ರ ಅಕ್ಟೋಬರ್ ಕೊನೆಯಲ್ಲಿ, ಬಜೆಟ್ ನೋಡಿಕೊಂಡು ಗ್ಯಾರಂಟಿ ಘೋಷಿಸಿ ಎಂದು ಕಾಂಗ್ರೆಸ್ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆಯವರು ಬೆಂಗಳೂರಿನಲ್ಲಿ ತಮ್ಮ ಪಕ್ಷದವರಿಗೇ ಬಹಿರಂಗವಾಗಿ ಬುದ್ಧಿ ಹೇಳಬೇಕಾಯಿತು.

ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಬೆಲೆ, ತೂಕ, ತಯಾರಾದ ದಿನಾಂಕ ಇಲ್ಲದಿದ್ದರೆ ಅಂಗಡಿಯವನಿಗೆ ದಂಡ ಬೀಳುತ್ತದೆ. ಪ್ರಣಾಳಿಕೆಗೆ ಅಂಥ ಕಡ್ಡಾಯ ಲೇಬಲ್ ಇಲ್ಲ. 2013ರ ಜುಲೈ 5ರಂದು ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಣಾಳಿಕೆಯ ಭರವಸೆ ಭ್ರಷ್ಟ ಆಚರಣೆಯಾಗದು, ಆದರೆ ಚುನಾವಣಾ ಆಯೋಗ ಮಾರ್ಗಸೂಚಿ ರೂಪಿಸಬೇಕು ಎಂದಿತು. ಅದರಂತೆ ಮಾದರಿ ನೀತಿಸಂಹಿತೆಯಲ್ಲಿ ಸೇರಿದ ಭಾಗವು, ಭರವಸೆಗಳಿಗೆ ಹಣ ಹೊಂದಿಸುವ ದಾರಿಯನ್ನು ಸ್ಥೂಲವಾಗಿಯಾದರೂ ಸೂಚಿಸಬೇಕೆನ್ನುತ್ತದೆ. 2022ರ ಅಕ್ಟೋಬರ್‌ನಲ್ಲಿ ಆಯೋಗ ಖರ್ಚಿನ ವಿವರ ತುಂಬುವ ನಮೂನೆಯೊಂದನ್ನೂ ಪಕ್ಷಗಳ ಮುಂದಿಟ್ಟಿತ್ತು. ಆ ನಮೂನೆಯನ್ನು ತುಂಬಿ ಮತ ಕೇಳಲು ಬಂದ ಅಭ್ಯರ್ಥಿಯನ್ನು ನಾನಂತೂ ಕಂಡಿಲ್ಲ.

ಕಾರ್ಡಿನಾಚೆ ಪ್ರಣಾಳಿಕೆಯ ಪುಸ್ತಕವೊಂದಿತ್ತು, ಐನೂರಕ್ಕೂ ಮೀರಿದ ಭರವಸೆಗಳು. ರೈತರಿಗೆ ಹಾಲಿನ ಪ್ರೋತ್ಸಾಹಧನ 5 ರೂಪಾಯಿಯಿಂದ 7ಕ್ಕೆ, ಅಂಗನವಾಡಿ ಕಾರ್ಯಕರ್ತೆಯರ ಗೌರವಧನ 15,000ಕ್ಕೆ, ಆಶಾ ಕಾರ್ಯಕರ್ತೆಯರದು 8,000ಕ್ಕೆ ಎಂದು ಅದರಲ್ಲಿತ್ತು. ಅಂಗನವಾಡಿಯವರ ಭರವಸೆಯನ್ನು ಪ್ರಚಾರದಲ್ಲಿ ‘ಆರನೇ ಗ್ಯಾರಂಟಿ’ ಎಂದೇ ಕರೆದಿದ್ದರು. 2025-26ರ ಬಜೆಟ್‌ನಲ್ಲಿ ಅವರಿಗೆ ಸಿಕ್ಕಿದ್ದು 1,000 ರೂಪಾಯಿಯ ಹೆಚ್ಚಳ.

ನಮ್ಮ ಬೀದಿಯ ಅಂಗನವಾಡಿ ಕಾರ್ಯಕರ್ತೆ ಗೃಹಲಕ್ಷ್ಮಿ ಶುರುವಾದಾಗ ಹತ್ತಾರು ಹೆಂಗಸರ ಆಧಾರ್ ಜೋಡಣೆಗೆ ಓಡಾಡಿದವರು, ಪಕ್ಕದ ಮನೆಯ ಅಜ್ಜಿಯದೂ ಸೇರಿ. ಈ ಬರಹಕ್ಕೆಂದು ಚೀಲದಿಂದ ಕಾರ್ಡು ತೆಗೆದು ಜಗುಲಿಯಲ್ಲಿ ಕುಳಿತಿದ್ದಾಗ ಅವರು ಪೋಲಿಯೊ ಹನಿಯ ಪಟ್ಟಿ ಹಿಡಿದು ಬಂದರು. ಕಾರ್ಡನ್ನು ಕೈಗೆ ತೆಗೆದುಕೊಂಡು ಎರಡೂ ಬದಿ ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ನನ್ನ ಪೆನ್ಸಿಲ್ ಗುಣಾಕಾರ ಬಿಟ್ಟರೆ ಬೇರೇನೂ ಇರಲಿಲ್ಲ. “ನಮ್ಮದನ್ನ ಇದರಲ್ಲಿ ಅಚ್ಚು ಹಾಕಿಸಲಿಲ್ಲ, ನೋಡಿ ಸಾರ್” ಎಂದು ಹಿಂದಿರುಗಿಸಿ, ಮೊಮ್ಮಗನ ವಯಸ್ಸು ಬರೆದುಕೊಂಡು ಮುಂದಿನ ಮನೆಗೆ ಹೋದರು.